ಗ್ಲೌಸಿನ ಪುಡಿ

ತಂಗಿ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಕೈಗೆ ಪೆನ್ನು ತುರುಕಿ, ಸತ್ತವಳಿಗೆ ಕಾಗದ ಬರಿ ಅಂತ ಮಗಳು ಕೂರಿಸಿದ್ದಾಳೆ. ಕೇಳು.

ನಿನ್ನ ಲ್ಯಾಬಿನಲ್ಲಿ ಗ್ಲೌಸ್ ತೊಳೆಯುವ ಕೆಲಸ ಈಗ ನನ್ನದು. ಪ್ರಯೋಗಕ್ಕೆಂದು ಸಣ್ಣ ತೂತಿನಿಂದ ಹೊಟ್ಟೆಯ ಆಪರೇಷನ್ ಮಾಡಿದ್ದ ಎಂಟು ಮೊಲಗಳನ್ನು, ಕರುಳು ಅಂಟಿಕೊಂಡಿದೆಯೇ ಎಂದು ಡಾಕ್ಟರು ಇವತ್ತು ತೆರೆದು ನೋಡಿದರು. ಎಂಟರಲ್ಲೂ ಅಂಟಿತ್ತು.

"ಗ್ಲೌಸಿಗೆ ಹಚ್ಚಿರೋ ಪುಡಿ ಒಳಗೆ ಬಿದ್ದಿದೆ, ಅದಕ್ಕೇ ಅಂಟಿದೆ. ಗ್ಲೌಸು ಸರಿಯಾಗಿ ತೊಳೆದು ಕೊಟ್ರೇನಮ್ಮಾ? ನಿಮ್ಮ ತಂಗಿ ಇದ್ದಾಗ ಹೀಗಾಗ್ತಿರ್ಲಿಲ್ಲ," ಅಂದರು, ಎಲ್ಲರ ಮುಂದೆ.

ನನ್ನ ಹೊಟ್ಟೆ ಉರಿದುಹೋಯಿತು. ಬದುಕಿದ್ದಾಗಲೂ ನಿನ್ನದೇ ಜಪ, ಸತ್ತ ಮೇಲೂ ನಿನ್ನದೇ. ತೊಳೆದಿದ್ದೆ ಕಣೇ, ಒಂದು ಸಲ. ನೀನು ಹೇಳಿಕೊಡಲು ಬಂದ ದಿನ, "ನಿನ್ನ ಹತ್ರ ನಾನು ಕಲೀಬೇಕಾ?" ಅಂತ ಎದ್ದು ಹೋಗಿದ್ದೆ.

ಸೋಮವಾರ ಇನ್ನೂ ಎಂಟು ಮೊಲಗಳ ಆಪರೇಷನ್ ಇದೆ. ನೀನು ಎಷ್ಟು ಸಲ ತೊಳೆಯುತ್ತಿದ್ದೆ? ಭಾನುವಾರದೊಳಗೆ ಹೇಳು.