ಭಂಡಾರ ಹತ್ತದ ಅಂಗಿ

ಝಳಕಿ, ತಾ. ಇಂಡಿ
ಮಂಗಳವಾರ, 18 ನವೆಂಬರ್ 2025

ಪ್ರೀತಿಯ ಸೊಸಿ ಪ್ರಜ್ಞಾಗೆ ಮಾಮಾನ ಆಶೀರ್ವಾದ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನ ಸಮಸ್ತ ಜನತೆಗೆ ನಿನ್ನ ಮುಖಾಂತರ ನಾನು ಘೋಷಿಸುವುದೇನೆಂದರೆ: ಅಮೋಘಸಿದ್ಧನೆಂಬ ನಾನು ಇನ್ನು ಮುಂದೆ ಚಹಾ ಕುಡಿದರೆ ಅಂಗಿಯ ಮೇಲೆ ಚೆಲ್ಲಿಕೊಂಡೇ ಕುಡಿಯುತ್ತೇನೆ. ಕಲೆ ಬೀಳಲಿ. ಬಿದ್ದ ಕಲೆ ಅಲ್ಲೇ ಇರಲಿ. ಇದರಲ್ಲಿ ಬದಲಾವಣೆ ಇಲ್ಲ.

ಅದಿರಲಿ, ಮೊದಲು ನಿನ್ನ ಆರೋಗ್ಯ. ಧಾರವಾಡದಲ್ಲಿ ಥಂಡಿ ಶುರುವಾಗಿರಬೇಕು, ಕಿವಿ ಮುಚ್ಚಿಕೊಂಡು ಅಡ್ಡಾಡು. ನಿಮ್ಮ ಅತ್ತಿ ಹನಮವ್ವ ಕಳಿಸಿದ ಶೇಂಗಾ ಹಿಂಡಿ ಮುಟ್ಟಿತೋ, ಹಾಸ್ಟೆಲ್ಲಿನ ಗೆಳತಿಯರೇ ಮುಗಿಸಿದರೋ? ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ನಾವು ಕ್ಷೇಮವಿಲ್ಲ, ಅದಕ್ಕೆ ಕಾರಣ ನೀನು. ಫೋನಿನಲ್ಲಿ ಬೈದರೆ "ಮಾಮಾ, ಆವಾಜ ಬರವಲ್ದು" ಅಂತ ಕಟ್ ಮಾಡುತ್ತಿ. ಪತ್ರ ಕಟ್ ಮಾಡಲು ಬರುವುದಿಲ್ಲ, ಕೂತು ಓದು.

ದಸರೆಗೆ ಬಂದಾಗ ನೀನು ನನಗೊಂದು ಬಿಳಿ ಅಂಗಿ ತಂದೆಯಲ್ಲ, ನಿನ್ನ ಪ್ರಯೋಗಶಾಲೆಯಲ್ಲಿ ನಿನ್ನ ಕೈಯಾರೆ ಲೇಪ ಹಚ್ಚಿದ್ದು. ನಮ್ಮ ಪಡಸಾಲೆಯಲ್ಲಿ ನನ್ನನ್ನು ಒಂದನೇ ಕ್ಲಾಸಿನ ಹುಡುಗನ ಹಾಗೆ ಕೂರಿಸಿ ಪಾಠ ಹೇಳಿದಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ತುಂಡು ಮಾಡಿದರೆ ಒಂದು ತುಂಡು ಒಂದು ನ್ಯಾನೋಮೀಟರು. ಒಂದು ತಲೆಗೂದಲಿನ ದಪ್ಪವೇ ಸುಮಾರು ಎಂಬತ್ತು ಸಾವಿರ ನ್ಯಾನೋಮೀಟರು. (ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ತೋರಿಸಿದಿ. ಅಲ್ಲಿ ದಾಸ್ತಾನು ಎಷ್ಟು ಉಳಿದಿದೆ ಅಂತ ನಿನಗೆ ಗೊತ್ತಿತ್ತು.) ಅಷ್ಟು ಸಣ್ಣದಾದ ಮೇಲೆ ವಸ್ತುವಿನ ಗುಣವೇ ಬೇರೆ ಆಗುತ್ತದೆ ಅಂದಿ. ನೀನು ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನಲ್ಲಿ ಸತುವಿನ ಬಿಳಿ ಪುಡಿ ಇದ್ದರೂ ಮುಖ ಸುಣ್ಣ ಬಳಿದ ಗೋಡೆಯಂತೆ ಕಾಣುವುದಿಲ್ಲವಲ್ಲ, ಕಣ ಅಷ್ಟು ಸಣ್ಣವು ಅಂತ. ಕೆಲವು ನೀರಿನ ಫಿಲ್ಟರಿನಲ್ಲಿ, ಸುಟ್ಟ ಗಾಯದ ಪಟ್ಟಿಯಲ್ಲಿ ಬೆಳ್ಳಿಯ ಕಣ, ಕ್ರಿಮಿ ಕೊಲ್ಲಲಿಕ್ಕೆ. ನನ್ನ ಕೈಯಲ್ಲಿರುವ ಮೊಬೈಲಿನ ಚಿಪ್ಪಿನಲ್ಲಿ ಇಂಥ ಸಣ್ಣ ಸ್ವಿಚ್ಚು ಕೋಟಿಗಟ್ಟಲೆ. ನಾನು ಲಿಂಬಿ ಗಿಡಕ್ಕೆ ಹೊಡೆದ ಬಾಟಲಿ ಯೂರಿಯಾ ಸಹ ಅದೇ ಕುಲದ್ದು. ಫಲ ಏನಾಯಿತು ಅಂತ ಗಿಡ ಇನ್ನೂ ಹೇಳಿಲ್ಲ.

ಆಮೇಲೆ ಹಿತ್ತಲಿನಿಂದ ಕ್ಯಾಬೇಜಿನ ಎಲೆ ತಂದು ನೀರು ಹನಿಸಿದಿ. ಹನಿ ಮುತ್ತಿನಂತೆ ಗುಂಡಗಾಗಿ ಉರುಳಿತು. ಎಲೆಯ ಮೇಲೆ ಕಣ್ಣಿಗೆ ಕಾಣದ ಮೇಣದ ಉಬ್ಬುಗಳಿವೆ, ಹನಿ ಅವುಗಳ ತುದಿಯ ಮೇಲೆ ಕೂರುತ್ತದೆ, ಕೆಳಗೆ ಗಾಳಿ, ಅದಕ್ಕೇ ಅಂಟುವುದಿಲ್ಲ, ಅಂಗಿಗೂ ಅದೇ ಉಪಾಯ ಮಾಡಿದ್ದೇನೆ ಅಂದಿ. ಅಂದವಳೇ ನನ್ನ ಎದೆಯ ಮೇಲೆ ಅರ್ಧ ಕಪ್ ಚಹಾ ಸುರುವಿದಿ. ಚಹಾ ನೆಲಕ್ಕೆ, ಅಂಗಿ ಬೆಳ್ಳಗೆ! ಐವತ್ತೆಂಟು ವರ್ಷ ಚೆಲ್ಲಿಕೊಂಡು ಬದುಕಿದ ನನಗೆ ಅದು ಮೋಕ್ಷ. ನಾನು ಹಿಗ್ಗಿದೆ. ತಪ್ಪಾಗಿದ್ದು ಅಲ್ಲೇ.

ಮೊನ್ನೆ ರವಿವಾರ ನಿನ್ನ ಅಣ್ಣ ಮುತ್ತುರಾಜನ ಮದುವೆಯ ಮಾತುಕತೆ. ದೇವಣಗಾಂವದಿಂದ ಹುಡುಗಿ ದಾನೇಶ್ವರಿಯ ಅಪ್ಪ ರೇವಣಪ್ಪ, ಅವನ ತಾಯಿ ಸಿದ್ದವ್ವ, ಹಿಂದೆ ಒಂದು ಜೀಪು ತುಂಬ ಮಂದಿ. ಮನೆತನದ ಪದ್ಧತಿ ನಿನಗೆ ಗೊತ್ತು: ಮಾತು ಕೂಡಿದ ಮೇಲೆ ಭಂಡಾರ, ಅಂದರೆ ದೇವರ ಅರಿಶಿಣ, ನೀರಲ್ಲಿ ಕಲಸಿ ಹುಡುಗನ ಸೋದರಮಾವನ, ಅಂದರೆ ಇಲ್ಲಿ ನನ್ನ, ಹೆಗಲಿಗೆ ಮೂರು ಬೆರಳಿನಿಂದ ಎಳೆಯಬೇಕು. ಯಾಕೆಂದರೆ ಸೋದರಮಾವನಿಗೆ ಮಗಳಿದ್ದರೆ ಆ ಹುಡುಗನ ಮೇಲೆ ಮೊದಲ ಹಕ್ಕು ಅವನದು. ಹೆಗಲಿಗೆ ಭಂಡಾರ ಹತ್ತಿತೆಂದರೆ ಅವನು ಹಕ್ಕು ಬಿಟ್ಟ, ಮನಸಾರೆ ಒಪ್ಪಿದ ಎಂದರ್ಥ. ಮದುವೆ ಆಗುವವರೆಗೆ ಆ ಅಂಗಿ ಒಗೆಯುವ ಹಾಗಿಲ್ಲ.

ನಾನು ಯಾವ ಅಂಗಿ ಹಾಕಿಕೊಂಡಿದ್ದೆ ಅಂತ ಬರೆಯುವ ಅವಶ್ಯಕತೆ ಇಲ್ಲ.

ಸಿದ್ದವ್ವನೇ ಬೆರಳು ಅದ್ದಿ ಎಳೆದಳು. ಭಂಡಾರ ಹಳದಿ ಗುಂಡುಗಳಾಗಿ ಹೆಗಲಿನಿಂದ ಇಳಿದು, ತೋಳಿನ ಗುಂಟ ಹಾದು, ಜಮಖಾನೆಯ ಮೇಲೆ ಬಿದ್ದಿತು. ಹೆಗಲು ಹಾಲಿನಷ್ಟು ಬಿಳುಪು. ಮುದುಕಿ ಮತ್ತೆ ಎಳೆದಳು. ಮತ್ತೆ ಉರುಳಿತು. ಮೂರನೇ ಸಲಕ್ಕೆ ಪಡಸಾಲೆಯಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು. "ಭಂಡಾರನ ಒಲ್ಲೆ ಅಂತೈತಿ. ಈತಗ ತನ್ನ ಮಗಳನ್ನ ಕೊಡೂ ಮನಸ ಐತಿ" ಅಂದಳು ಸಿದ್ದವ್ವ. ನನ್ನ ಮಗಳು ವಿಜಯಪುರದಲ್ಲಿ ಬಿ.ಎಡ್. ಓದುತ್ತಾಳೆ. ಸುದ್ದಿ ಕೇಳಿ ಫೋನಿನಲ್ಲಿ ಐದು ನಿಮಿಷ ನಕ್ಕಳು. "ಮುತ್ತಣ್ಣನ್ನ ಮದಿವಿ ಆಗೂದಕ್ಕಿಂತ ಇನ್ನೊಮ್ಮೆ ಪಿಯುಸಿ ಗಣಿತ ಬರೀತೇನಿ" ಅಂದಳು.

ನಾನು ಬಿಟ್ಟೆನೇ? ಎದ್ದು ನಿಂತು ನೀನು ಹೇಳಿದ್ದನ್ನೆಲ್ಲ ಹೇಳಿದೆ. ಹತ್ತು ಲಕ್ಷ ತುಂಡು, ಕೂದಲು, ಕ್ಯಾಬೇಜು, ಮೇಣದ ಉಬ್ಬು, ಒಂದೂ ಬಿಡಲಿಲ್ಲ. ಸಿದ್ದವ್ವ ಎಲ್ಲ ಕೇಳಿ, "ತಪ್ಪು ಮಾಡಿದವ್ರು ಮಾಡಿದೀನಿ ಅನಬೇಕು. ಕಣ್ಣಿಗೆ ಕಾಣದ್ದರ ಮ್ಯಾಲೆ ಹಾಕಬಾರ್ದಪಾ" ಅಂದಳು. ರೇವಣಪ್ಪ "ವಿಚಾರ ಮಾಡಿ ತಿಳಸ್ತೇವ್ರಿ" ಅಂದ. ಹೋಳಿಗೆ ಬಡಿಸಿದ ತಾಟು ಹಾಗೇ ಬಿಟ್ಟು ಎದ್ದರು. ಪ್ರಜ್ಞಾ, ನಮ್ಮ ಮನೆಯಲ್ಲಿ ಊಟ ಬಿಟ್ಟು ಎದ್ದವರು ಇವರೇ ಮೊದಲಿಗರು. ನನ್ನ ಸಿಟ್ಟು ಯಾರ ಮೇಲೆ ಅಂತ ನನಗೇ ತಿಳಿಯದು. ಮುದುಕಿಯ ಮೇಲೆ? ಕೂದಲು ಸೀಳುವ ನಿಮ್ಮ ವಿಜ್ಞಾನದ ಮೇಲೆ? ನಿಮ್ಮಪ್ಪ ತೀರಿದ ದಿನದಿಂದ ಮುತ್ತುರಾಜನ ಮದುವೆ ಎಂದರೆ ನನ್ನ ಹೆಗಲು ಅಂದುಕೊಂಡವನು ನಾನು, ಆ ಹೆಗಲೇ ಒಲ್ಲೆ ಅಂದಿತೆಂದು ನಾಲ್ಕು ಮಂದಿಯ ಎದುರು ಅನ್ನಿಸಿಕೊಂಡೆ. ಮುತ್ತುರಾಜ ನನ್ನ ಮುಖ ನೋಡುತ್ತಿಲ್ಲ. ಎರಡು ವರ್ಷದಿಂದ ಆ ಹುಡುಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವನು, ಈಗ ಟ್ರ್ಯಾಕ್ಟರಿನ ಕೆಳಗೆ ಮಲಗಿ ರಿಪೇರಿ ಬೇಕಿಲ್ಲದ್ದನ್ನು ರಿಪೇರಿ ಮಾಡುತ್ತಾನೆ.

ನಿನ್ನ ಓದು ಚೆನ್ನಾಗಿ ಸಾಗಲಿ. ನೀನು ಇನ್ನಷ್ಟು ಸಣ್ಣದನ್ನು ಕಂಡುಹಿಡಿ, ಆದರೆ ನನ್ನ ಮೈಮೇಲೆ ಹಚ್ಚಬೇಡ. ಹಾಸ್ಟೆಲ್ಲಿನ ಅಡಿಗೆಯ ರಹಿಮಾಬಿಗೆ ನಮ್ಮ ನಮಸ್ಕಾರ ಹೇಳು.

ನಿನ್ನ ಮಾಮಾ,
ಅಮೋಘಸಿದ್ಧ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ದೇವಣಗಾಂವದಿಂದ ಫೋನು. ಆ ಹುಡುಗಿ ದಾನೇಶ್ವರಿ ಎರಡು ದಿನ ಊಟ ಬಿಟ್ಟಿದ್ದಳಂತೆ, ಮುದುಕಿ ಮೆತ್ತಗಾಗಿದ್ದಾಳೆ. ನವೆಂಬರ್ 30ರ ರವಿವಾರ ಮತ್ತೆ ಬರುತ್ತಾರೆ. ಆದರೆ ಸಿದ್ದವ್ವನದು ಒಂದೇ ಕರಾರು: "ಅದ ಅಂಗಿ ಹಾಕ್ಕೊಂಡ ಕುಂದರ್ಲಿ. ಅದ ಅಂಗಿಗೇ ಭಂಡಾರ ಹತ್ತಬೇಕು." ಇನ್ನೊಂದು ಮಾತು. ಇದನ್ನು ಭಂಡಾರದ ದಿನ ಹಾಕಬೇಡ ಅಂತ ನೀನು ದಸರೆಯಲ್ಲೇ ಹೇಳಿದ್ದಿ ಅಂತ ನಿಮ್ಮ ಅತ್ತಿ ಈಗ ನೆನಪಿಸಿದಳು. ಹೇಳಿದ್ದಿ. ಮೇಲೆ ಬೈದಿದ್ದರಲ್ಲಿ ಅರ್ಧ ಹಿಂದಕ್ಕೆ ತಗೊಂಡೆ. ಹನಮವ್ವ ಫೋನು ಬಂದ ಘಳಿಗೆಯಿಂದ ಆ ಅಂಗಿಯನ್ನು ಸೋಡಾ ಹಾಕಿ ಕುದಿಸಿ ಕಲ್ಲಿಗೆ ಹನ್ನೊಂದು ಸಲ ಬಡಿದಿದ್ದಾಳೆ. ಕಾಲರಿನ ಹತ್ತಿರ ಒಂದು ಬೊಟ್ಟು ಅರಿಶಿಣ ನಿಲ್ಲತೊಡಗಿದೆ, ಹೆಗಲಿನ ಮೇಲೆ ಇನ್ನೂ ಉರುಳುತ್ತದೆ. ಇದನ್ನು ಓದಿದ ಕೂಡಲೇ ಫೋನ್ ಮಾಡಿ ಅತ್ತಿಗೆ ಹೇಳು: ಆ ಲೇಪ ಪೂರಾ ಹೋಗಲು ಇನ್ನೆಷ್ಟು ಸಲ ಬಡಿಯಬೇಕು, ಮತ್ತು ಸೋಡಾ ಸಾಕೋ, ತಿಕ್ಕಲು ಬ್ರಶ್ಶೂ ಬೇಕೋ?