ಬಲಗಡೆಯಿಂದ ಬಂದ ಪಂಚಮಿ

ದೇವದುರ್ಗ
ನಾಗಚೌತಿಯ ಹಿಂದಿನ ದಿನ

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಸಿಟ್ಟು ಮಾಡಿಕೊಂಡು ಕುಳಿತಿರುವ ನನ್ನ ಯಜಮಾನರಿಗೆ,

ತವರುಮನೆಯಿಂದ ಉಮಾಶ್ರೀಯ ನಮಸ್ಕಾರಗಳು. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅರ್ಧಕ್ಕೇ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ಅದಕ್ಕೂ ಮೊದಲು ಓದಿಯೇ ಓದುತ್ತೀರಿ ಎಂದು ನನಗೆ ಗೊತ್ತು.

ನಿಮ್ಮ ಹುಕುಂ ಮತ್ತೊಮ್ಮೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. "ರಾಯಚೂರು ಲೈಬ್ರರಿ ಗ್ವಾಡಿ ಮ್ಯಾಲಿನ ಆ ಚಿತ್ರ ತೆಗಸು. ಇನ್ನ ಮುಂದ ಲೈಬ್ರರಿ ಕಡೆ ಮುಖ ಹಾಕಬ್ಯಾಡ. ಆಗಂಗಿಲ್ಲಂದ್ರ ಪಂಚಮಿ ಮುಗಿಸಿಕೊಂಡು ತವರಮನ್ಯಾಗ ಇದ್ದುಬಿಡು." ಚಿತ್ರ ತೆಗೆಸುವುದಿಲ್ಲ. ಲೈಬ್ರರಿ ಬಿಡುವುದಿಲ್ಲ. ಮೂರನೆಯದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಪ್ರತಿ ಗುರುವಾರ ನಾನು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ರಾಯಚೂರಿಗೆ ಹೋಗುತ್ತೇನೆ ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿದವರು ನೀವು. ನಾನು ಹಾಗೆ ಎಂದೂ ಹೇಳಿಲ್ಲ. ನಾನು ಓದುವುದು ಕಾಮಿಕ್ಸ್. ಅದರಲ್ಲೂ ಮಾಂಗಾ ಅಂತ, ಜಪಾನಿನ ಚಿತ್ರಕಥೆಗಳು. ಇಂಗ್ಲಿಷಿನಲ್ಲಿವೆ, ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಆ ಮುಖಗಳೇ ಹೇಳಿಬಿಡುತ್ತವೆ. ಅಲ್ಲಿ ಬೇಸಿಗೆ ಬಂದರೆ ಕಿಟಕಿಗೆ ಗಾಜಿನ ಗಂಟೆ ಕಟ್ಟುತ್ತಾರೆ, ಕಲ್ಲಂಗಡಿ ಕೊಯ್ಯುತ್ತಾರೆ. ಹೂ ಬಿಟ್ಟ ಗಿಡದ ಕೆಳಗೆ ಮನೆಮಂದಿಯೆಲ್ಲ ಬುತ್ತಿ ಬಿಚ್ಚಿ ಊಟಕ್ಕೆ ಕೂರುತ್ತಾರೆ, ಥೇಟ್ ನಾವು ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಕೂತ ಹಾಗೆ. ಅದನ್ನು ನೋಡಿ ನಾನು ಅಲ್ಲೇ ಜೋರಾಗಿ ನಕ್ಕಿದ್ದೇನೆ, ಪರೀಕ್ಷೆಗೆ ಓದುವವರು ಕಣ್ಣು ಬಿಟ್ಟಿದ್ದಾರೆ. ಮದುವೆಯಾದವಳು ಚಿತ್ರದ ಪುಸ್ತಕ ಓದಿ ನಕ್ಕರೆ ಯಾರಿಗೆ ಏನು ಕಡಿಮೆಯಾಯಿತು?

ಈಗ ಗೋಡೆಯ ಮೇಲಿನ ಚಿತ್ರದ ವಿಷಯ. ಗ್ರಂಥಪಾಲಕಿ ಅಲ್ಮಾಸ್ ಮೇಡಂ, ನಮ್ಮ ಕಡೆಯ ಶ್ರಾವಣವನ್ನು ಮಾಂಗಾದ ಹಾಗೆ ಒಂದೊಂದು ಹಾಳೆಯಲ್ಲಿ ಬಿಡಿಸಿ ಕೊಡಿ ಎಂದು ಓದುಗರಿಗೆಲ್ಲ ಹೇಳಿದರು. ನಾನು ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳನ್ನು ಬಿಡಿಸಿದೆ. ಮಾಂಗಾವನ್ನು ಬಲಗಡೆಯಿಂದ ಎಡಗಡೆಗೆ ಓದಬೇಕು. ಹಾಗಾಗಿ ನಾನೂ ಬಲಗಡೆಯಿಂದಲೇ ಶುರು ಮಾಡಿದೆ. ಅವಳು ಜೋಕಾಲಿ ಆಡುತ್ತಾಳೆ, ಉಂಡಿಯ ಗಂಟು ಕಟ್ಟಿಕೊಳ್ಳುತ್ತಾಳೆ, ಆಮೇಲೆ ಬಸ್ಸು, ಕೊನೆಗೆ ಗಂಡನ ಮನೆಯ ಹೊಸ್ತಿಲ ಮೇಲೆ ಅವಳ ಪಾದ. ಮಾತು ಒಂದೂ ಬರೆಯಲಿಲ್ಲ.

ಏನೋ ಕೆಲಸಕ್ಕೆಂದು ರಾಯಚೂರಿಗೆ ಬಂದಿದ್ದ ನಿಮ್ಮ ಗೆಳೆಯ ಅಂಬರೇಶಣ್ಣ ಅದನ್ನು ಕನ್ನಡದ ಹಾಗೆ ಎಡದಿಂದ ಓದಿದ. ಹೊಸ್ತಿಲು ದಾಟಿದಳು, ಬಸ್ಸು ಹತ್ತಿದಳು, ಗಂಟು ಬಿಚ್ಚಿದಳು, ಜೋಕಾಲಿಯಲ್ಲಿ ಹಲ್ಲು ಬಿಟ್ಟುಕೊಂಡು ಕೂತೇಬಿಟ್ಟಳು. ಕೆಳಗೆ ನನ್ನ ಹೆಸರು. ಪ್ರಭುರಾಜನ ಹೆಂಡತಿ ಗಂಡನನ್ನು ಬಿಟ್ಟ ಕಥೆಯನ್ನು ಗೋಡೆಗೆ ಅಂಟಿಸಿದ್ದಾಳೆ ಎಂದು ಫೋಟೊ ಹೊಡೆದು ಮಾನ್ವಿಗೆಲ್ಲ ಕಳಿಸಿದ.

ಅಲ್ಮಾಸ್ ಮೇಡಂ ಪಾಪ ಗಾಬರಿಯಾಗಿ, "ಬಲಗಡೆಯಿಂದ ಓದ್ರಿ ಅಂತ ಒಂದ್ ಬಾಣದ ಗುರ್ತು ಹಚ್ಚಿಬಿಡೋಣೇನ್ರಿ?" ಎಂದರು. ನಾನು ಬೇಡವೆಂದೆ. ಬಾಣ ಹಚ್ಚಿದರೆ ಮಾನ್ವಿಯವರ ಬಾಯಿ ಮುಚ್ಚುತ್ತದೆ, ನಿಮ್ಮ ಸಿಟ್ಟೂ ಇಳಿಯುತ್ತದೆ. ನನಗೆ ನೋವಾಗಿರುವುದು ಬೇರೆ. ಇಷ್ಟು ವರ್ಷ ಜೊತೆಗಿದ್ದವರು "ಏನಿದು ಉಮಾ?" ಎಂದು ಒಂದು ಸಲ ಕೇಳಬಹುದಿತ್ತು. ಅಂಬರೇಶಣ್ಣನ ಫೋಟೊ ನಂಬಿದಿರಿ, ನನ್ನನ್ನು ನಂಬಲಿಲ್ಲ. ಅದಕ್ಕೆ ಅತ್ತಿದ್ದೇನೆ. ಅತ್ತು ಮುಗಿದಿದೆ.

ಇನ್ನು ಮೂರನೆಯದು. ಪಂಚಮಿ ಮುಗಿದ ಮೇಲೆ ಬರುವ ಗುರುವಾರ ನಾನು ಲೈಬ್ರರಿಯಲ್ಲಿರುತ್ತೇನೆ. ಗಿರಣಿ ಬಿಟ್ಟು ಬನ್ನಿ. ನನ್ನ ಪಕ್ಕ ನಿಂತು ಆ ಹಾಳೆಯನ್ನು ನಿಮ್ಮ ಕಣ್ಣಿನಿಂದ ನೋಡಿ, ಏನಿದು ಎಂದು ನನ್ನನ್ನು ಕೇಳಿ. ಕೇಳಿದರೆ ಸಂಜೆ ಬಸ್ಸಿಗೆ ಇಬ್ಬರೂ ಮಾನ್ವಿಗೆ ಹೋಗೋಣ, ಮುಂದಿನ ಗುರುವಾರ ನಾನು ಮತ್ತೆ ಲೈಬ್ರರಿಗೆ ಬರುತ್ತೇನೆ. ನೀವು ಬರದಿದ್ದರೆ ಅಂಬರೇಶಣ್ಣ ಓದಿದ್ದೇ ಸರಿ ಎಂದುಕೊಳ್ಳುತ್ತೇನೆ. ದೇವದುರ್ಗದಿಂದಲೂ ರಾಯಚೂರಿಗೆ ಬಸ್ಸುಗಳಿವೆ.

ತಲೆ ತಗ್ಗಿಸದ,
ನಿಮ್ಮ ಉಮಾಶ್ರೀ

ತಾ.ಕ.: ಅತ್ತೆಯವರು ಲಿಂಗಸುಗೂರಿಗೆ ಮಗಳ ಮನೆಗೆ ಹೋಗಿದ್ದಾರೆ ಎಂದು ನೀವು ತಿಳಿದಿದ್ದೀರಿ. ಅವರು ಇಲ್ಲಿದ್ದಾರೆ. ನನ್ನನ್ನು ಬೈದು ಕರೆದೊಯ್ಯಲೆಂದೇ ಬಂದರು. ನಿನ್ನೆ ರಾಯಚೂರಿಗೆ ಕರೆದುಕೊಂಡು ಹೋಗಿ ಆ ಚಿತ್ರದ ಮುಂದೆ ನಿಲ್ಲಿಸಿದೆ. ಅಕ್ಷರ ಬಾರದವರಿಗೆ ಎಡವೇನು, ಬಲವೇನು? ನೇರ ಜೋಕಾಲಿಯ ಮೇಲೆ ಬೆರಳಿಟ್ಟು, "ನಾ ಪಂಚಮಿಗೆ ತವರಿಗೆ ಹೋಗಿ ಎಷ್ಟ್ ವರ್ಷಾತು ಬೇ. ಗಿರಣಿ ಮಂದಿಗೆ ರೊಟ್ಟಿ ಯಾರು ಮಾಡ್ತಾರ ಅಂತ ನಿಮ್ಮ ಮಾವ ಕಳಸ್ತಿದ್ದಿಲ್ಲ" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಸಂಜೆತನಕ ಮಾಂಗಾ ತಿರುವಿದರು. ಈಗ ಹಿತ್ತಲಲ್ಲಿ ನಿಂತು ಬೇವಿನ ಗಿಡಕ್ಕೆ ಹಗ್ಗ ಕಟ್ಟಿಸುತ್ತಿದ್ದಾರೆ, ಈ ಸಲದ ಪಂಚಮಿ ಇಲ್ಲೇ ಅಂತೆ. ಹಿಟ್ಟಿನ ಡಬ್ಬಿ ಒಲೆಯ ಪಕ್ಕದಲ್ಲಿದೆ, ರೊಟ್ಟಿ ನೀವೇ ಬಡಿದುಕೊಳ್ಳಬೇಕಂತೆ.