ಹೊರಡುವ ದಿನ ಬರೆಯದ ಪಾತ್ರೆ

ಯುವ ವಸತಿನಿಲಯಗಳ ಆಡಳಿತ ಕಚೇರಿಯಲ್ಲಿ ಕುಳಿತು ಅಡುಗೆಮನೆಗಳ ಭವಿಷ್ಯವನ್ನು ನಿರ್ಧರಿಸುವ ಮಾನ್ಯರೇ,

ಸೋಮವಾರ ಬೆಳಿಗ್ಗೆ ನಿಮ್ಮ ಕಡೆಯ ಇಬ್ಬರು ಬಂದು ಲಾನ್ಸೆಸ್ಟನ್ ನಗರದ ನಿಲಯದ ಅಡುಗೆಮನೆಯಿಂದ ವಿದ್ಯುತ್ ಒಲೆಗಳನ್ನೆಲ್ಲ ಕಿತ್ತು ಹೊರಗೆ ಸಾಗಿಸಿದರು. ಆ ಹೊತ್ತಿಗೆ ಒಂದರ ಮೇಲೆ ನನ್ನ ಪಾತ್ರೆ ಇತ್ತು. ಅವರು ಸಭ್ಯರು. ಪಾತ್ರೆಯನ್ನು ಇಳಿಸಿ, ಮುಚ್ಚಳ ಸರಿಮಾಡಿ, ಕಿಟಕಿಯ ಕಟ್ಟೆಯ ಮೇಲಿಟ್ಟು, ಆಮೇಲೆ ಒಲೆ ಎತ್ತಿದರು. ಅದರಲ್ಲಿದ್ದದ್ದು ನನ್ನ ತಂಗಿಯ ಆ ದಿನದ ಊಟ. ಅರ್ಧ ಬೆಂದಿತ್ತು. ಉಳಿದರ್ಧವನ್ನು ಎಲ್ಲಿ ಬೇಯಿಸಬೇಕು ಎಂದು ಕೇಳಲು ನಿಮ್ಮ ಕಚೇರಿಗೆ ಬರೆದೆ. ನನ್ನ ಅಭಿಪ್ರಾಯ ನಿಮಗೆ ಅಮೂಲ್ಯ ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅಮೂಲ್ಯವಾದದ್ದನ್ನು ಯಾರೂ ಮುಟ್ಟದ ಜಾಗದಲ್ಲಿ ಎತ್ತಿಡುತ್ತಾರೆಂದು ನನಗೂ ಗೊತ್ತು. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಫ್ರಿಜ್ಜಿನ ಬಾಗಿಲಿಗೆ ನೀವು ಅಂಟಿಸಿದ ಪ್ರಕಟಣೆಯನ್ನು ಹಲವು ಸಲ ಓದಿದ್ದೇನೆ. ಸ್ವಂತ ಅಡುಗೆ ಇಂದಿನ ಪ್ರವಾಸಿಗೆ ಹೊರೆ ಎನ್ನುತ್ತದೆ ಅದು. ಒಲೆಗೆ ಕಾಯುವುದು ಹೊರೆ, ಪಾತ್ರೆ ತೊಳೆಯುವುದು ಹೊರೆ. ಇತರರ ಅಡುಗೆಯ ವಾಸನೆಯ ಬಗ್ಗೆ ದೂರುಗಳೂ ಬಂದಿವೆಯಂತೆ. ಆದ್ದರಿಂದ ಗಾಜಿನ ಹಿಂದೆ ಊಟದ ಪೊಟ್ಟಣಗಳನ್ನು ಜೋಡಿಸಿದ ಒಂದು ಯಂತ್ರ, ಪಕ್ಕದಲ್ಲಿ ಬಿಸಿ ಮಾಡಿಕೊಳ್ಳಲು ಒಂದು ಮೈಕ್ರೊವೇವ್. ಎಲ್ಲವೂ ನಮ್ಮ ಅನುಭವವನ್ನು ಹಗುರಗೊಳಿಸಲು. ಮಾನ್ಯರೇ, ನನ್ನ ತಂಗಿ ಈಗಾಗಲೇ ಬೇಕಾದಷ್ಟು ಹಗುರಾಗಿದ್ದಾಳೆ. ಇನ್ನಷ್ಟು ಹಗುರಾದರೆ ಏನಾಗುತ್ತದೆ ಎಂದು ಆಸ್ಪತ್ರೆಯ ನರ್ಸು ನಮಗೆ ಸ್ಪಷ್ಟವಾಗಿ ಹೇಳಿದ್ದಾಳೆ: ಬಾಯಿಯ ಊಟ ನಿಲ್ಲಿಸಿ ಹೊಟ್ಟೆಗೆ ನಳಿಗೆ ಹಾಕುತ್ತಾರೆ.

ನಾವು ಕಡಲಾಚೆಯ ಫ್ಲಿಂಡರ್ಸ್ ದ್ವೀಪದವರು. ನಾನು ಅಲ್ಲಿ ಗಾಳಿಯ ವೇಗ, ಮಳೆಯ ಪ್ರಮಾಣ ಬರೆದಿಡುವ ಕೆಲಸದಲ್ಲಿದ್ದೇನೆ. ಗಾಳಿಯ ಮೇಲೆ ದೂರು ಕೊಟ್ಟು ಪ್ರಯೋಜನವಿಲ್ಲವಾದ್ದರಿಂದ ದೂರು ಕೊಡುವ ಅಭ್ಯಾಸ ನನಗಿಲ್ಲ. ತಂಗಿ ಮ್ಯಾಕ್ಸೀನ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅವಳ ಗದರಿಕೆ ಕೊನೆಯ ಸೀಟಿನವರೆಗೂ ಮುಟ್ಟುತ್ತಿತ್ತು. ಆ ಗಂಟಲಿಗೇ ಈಗ ವಿಕಿರಣ ಚಿಕಿತ್ಸೆ. ದಿನವೂ ಆಸ್ಪತ್ರೆಗೆ ಹೋಗಿ ಬರಬೇಕು, ದ್ವೀಪದಿಂದ ವಿಮಾನದಲ್ಲಿ ದಿನವೂ ಬರಲಾಗದು. ರೋಗಿಗಳ ಬಂಧುಗಳಿಗಿರುವ ಕೋಣೆಗಳು ಭರ್ತಿಯಾಗಿವೆ. ಹೋಟೆಲ್ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ಲಿನ ಆಚೆಗೆ ಏನೂ ಇಲ್ಲ. ಐವತ್ತು ದಾಟಿದ ನಾವಿಬ್ಬರು 'ಯುವ' ಎಂಬ ಫಲಕದಡಿ ಬಂದು ಮಲಗಿದ್ದು ಇಲ್ಲಿ ಒಲೆ ಇದೆ ಎಂಬ ಒಂದೇ ಕಾರಣಕ್ಕೆ. ವಸತಿನಿಲಯದ ಹೃದಯ ಹಾಸಿಗೆಯಲ್ಲಿದೆ ಎಂದು ನಿಮಗೆ ಯಾರು ಹೇಳಿದರು?

ಅವಳಿಗೆ ಸೇರುತ್ತಿದ್ದದ್ದು ಹಕ್ಕಿಯ ಸಾರು ಮಾತ್ರ. ನಾವು ಬರೀ ಹಕ್ಕಿ ಎನ್ನುತ್ತೇವೆ. ಬೇರೆ ಹಕ್ಕಿಗಳಿಗೆ ಹೆಸರುಗಳಿವೆ. ಕಡಲ ಮೇಲೆ ಬದುಕಿ, ದಡದ ಮರಳಿನ ಬಿಲಗಳಲ್ಲಿ ಮರಿಮಾಡುವ, ಎಣ್ಣೆಯಿಂದ ತುಂಬಿದ ಹಕ್ಕಿ. ಏಪ್ರಿಲ್‌ನಲ್ಲಿ ಹಿಡಿದು, ಉಪ್ಪು ಹಾಕಿ ಪೀಪಾಯಿಗೆ ತುಂಬಿದರೆ, ಜೂನ್‌ಗೆ ಶುರುವಾಗುವ ನಮ್ಮ ಚಳಿಗಾಲ ಕಳೆಯುತ್ತದೆ. ನಿಧಾನ ಉರಿಯಲ್ಲಿ ಕುದಿಸಿ ನೀರು ಚೆಲ್ಲಬೇಕು, ಮತ್ತೆ ಹೊಸ ನೀರು, ಮತ್ತೆ ಕುದಿ, ಮತ್ತೆ ಚೆಲ್ಲು, ಉಪ್ಪು ಬಿಡುವವರೆಗೆ. ಕೊನೆಯ ನೀರೇ ಸಾರು. ವಾಸನೆ ಇದೆ, ಇಲ್ಲವೆನ್ನಲಾರೆ. ನಿಮಗೆ ಬಂದ ದೂರುಗಳು ನನ್ನ ಹಕ್ಕಿಯ ಬಗ್ಗೆಯೇ ಇರಬಹುದೇ ಎಂದು ನಿಲಯವನ್ನು ನೋಡಿಕೊಳ್ಳುವ ಕ್ಲೈವ್‌ನನ್ನು ಕೇಳಿದೆ.

"ಏಯ್, ನಿನ್ನ ಹಕ್ಕಿಗೆ ಅಷ್ಟೊಂದು ದೊಡ್ಡಸ್ತಿಕೆ ಕೊಡಬೇಡ," ಎಂದ. "ಯಂತ್ರ ಹೋದ ವರ್ಷಾನೇ ಬಂದು ಗೋದಾಮಲ್ಲಿ ಕೂತಿತ್ತು. ದೂರು ಆಮೇಲೆ ಹುಡುಕಿದ್ದು."

ಹಕ್ಕಿ ನಿರಪರಾಧಿ ಎಂದು ತಿಳಿದು ಸಮಾಧಾನವಾಯಿತೇ? ಇಲ್ಲ. ನನ್ನ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು.

ನಿಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಮಾಡಿದವರು ನೀವಲ್ಲ; ಆದರೂ ನಿಮ್ಮದೆಂದೇ ಇರಲಿ. ಫ್ರಿಜ್ಜಿನಲ್ಲಿಡುವ ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕು: ಹೆಸರು, ಕೋಣೆ, ಹೊರಡುವ ದಿನ. ಆ ದಿನ ದಾಟಿದರೆ ಅದು ಬಾಗಿಲ ಪಕ್ಕದ ಕಪಾಟಿಗೆ ಹೋಗುತ್ತದೆ. ಹೊರಟವರು ಬಿಟ್ಟ ಅಕ್ಕಿ, ಎಣ್ಣೆ, ಅರ್ಧ ಬಾಟಲಿ ಜಾಮ್, ಎಲ್ಲವೂ ಆ ಕಪಾಟಿನಲ್ಲಿ. ಯಾರು ಬೇಕಾದರೂ ತೆಗೆದುಕೊಂಡು ಬೇಯಿಸಿಕೊಳ್ಳಬಹುದು. ನಮ್ಮ ದ್ವೀಪದಲ್ಲಿ ಪಾತ್ರೆಗೆ ಯಾರೂ ಹೆಸರು ಬರೆಯುವುದಿಲ್ಲ, ಯಾವ ಪಾತ್ರೆ ಯಾರದೆಂದು ಎಲ್ಲರಿಗೂ ಗೊತ್ತು. ಇಲ್ಲಿ ನಾನು ವಿಧೇಯನಾಗಿ ಚೀಟಿ ಬರೆದೆ. ಚಿಕಿತ್ಸೆ ಶುಕ್ರವಾರ ಮುಗಿಯುತ್ತದೆ ಎಂದಿದ್ದರು, ಶುಕ್ರವಾರ ಎಂದೇ ಬರೆದೆ. ಅಷ್ಟರಲ್ಲಿ ಅವಳ ಬಾಯೆಲ್ಲ ಹುಣ್ಣಾಗಿ ವೈದ್ಯರು ನಡುವೆ ಬಿಡುವು ಕೊಟ್ಟರು, ದಿನಗಳು ಮುಂದೆ ಹೋದವು. ಕೋಣೆಯನ್ನು ಮುಂದುವರಿಸಿದೆ. ಪಾತ್ರೆಯ ಚೀಟಿಯನ್ನು ಮರೆತೆ.

ಶನಿವಾರ ಮಧ್ಯಾಹ್ನ ಅಡುಗೆಮನೆಗೆ ಹೋದಾಗ ನನ್ನ ಪಾತ್ರೆಯ ಮುಂದೆ ಒಬ್ಬ ಮುದುಕ ಕುಳಿತಿದ್ದ. ಹೆಸರು ಟೋರ್ಬೆನ್, ಡೆನ್ಮಾರ್ಕಿನವನು, ಟ್ರಾಮ್ ಓಡಿಸಿ ನಿವೃತ್ತನಾಗಿ ಈಗ ಸೈಕಲ್ಲಿನಲ್ಲಿ ಊರೂರು ತಿರುಗುವವನು. ಕೈಯಲ್ಲಿ ಚಮಚ ಇತ್ತು.

"ಇದು ನಿಂದಾ?"

"ನನ್ನ ತಂಗೀದು."

"ಅಯ್ಯೋ. ಚೀಟಿ ಪ್ರಕಾರ ನೀವು ನಿನ್ನೇನೇ ಹೋಗ್ಬಿಟ್ಟಿದೀರಿ."

"ಹೋಗಿಲ್ಲ."

"ಅದು ಕಾಣ್ತಿದೆ. ಏನಪ್ಪಾ ಇದು? ಮೀನು ಅಂದ್ಕೊಂಡು ಶುರು ಮಾಡ್ದೆ, ಬಾತುಕೋಳಿ ಆಗಿ ಮುಗೀತು."

ಅವಳು ಬೇರೇನನ್ನೂ ನುಂಗಲಾರಳೆಂದು ಹೇಳಿದೆ. ಅವನು ಚಮಚ ಕೆಳಗಿಟ್ಟ. ಪಾತ್ರೆ ಓರೆಮಾಡಿ ನೋಡಿದ. "ತಳದಲ್ಲಿ ಸ್ವಲ್ಪ ಇದೆ. ಸಾಕು," ಎಂದು ಕಪಾಟಿನಿಂದ ಯಾರೋ ಬಿಟ್ಟುಹೋಗಿದ್ದ ಒಣಗಿದ ಕಪ್ಪು ಬ್ರೆಡ್ಡು ತೆಗೆದ. ಅವರ ಕಡೆ ಹಳೆಯ ಬ್ರೆಡ್ಡನ್ನು ಎಸೆಯುವುದಿಲ್ಲವಂತೆ, ನೆನೆಸಿ ಕುದಿಸಿ ಗಂಜಿ ಮಾಡುತ್ತಾರಂತೆ. ಹಕ್ಕಿಯ ಸಾರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕದಡುತ್ತ ನಿಂತು, ಜಾಲರಿಯಲ್ಲಿ ಸೋಸಿ, ಬಟ್ಟಲಿಗೆ ಹಾಕಿ, ತಾನೇ ಕೋಣೆಯವರೆಗೆ ಹೊತ್ತು ತಂದ. ಮ್ಯಾಕ್ಸೀನ್ ಒಂದು ಚಮಚ ನುಂಗಿದಳು. ಕಾದೆವು. ಇನ್ನೊಂದು ನುಂಗಿದಳು.

"ಇದು ನಿನ್ನ ಕೈಯಡುಗೆ ಅಲ್ಲ ಡೆಸ್," ಎಂದಳು, ಗಾಳಿಯಷ್ಟೇ ಉಳಿದ ದನಿಯಲ್ಲಿ. "ಇದಕ್ಕೆ ರುಚಿ ಇದೆ. ಯಾರು ಮಾಡಿದ್ದು?"

"ನಿಮ್ಮ ಊಟ ತಿಂದ ಕಳ್ಳ," ಎಂದ ಟೋರ್ಬೆನ್.

"ಹಾಗಾದ್ರೆ ನಾಳೇನೂ ಕದಿಯಪ್ಪ."

ಬಟ್ಟಲು ಖಾಲಿಯಾಯಿತು. ಬಹಳ ದಿನಗಳಿಂದ ಖಾಲಿ ಬಟ್ಟಲನ್ನು ನಾನು ತೊಳೆದಿರಲಿಲ್ಲ. ತೊಳೆಯುವಾಗ ಅದು ಹೊರೆ ಎನ್ನಿಸಲಿಲ್ಲ. ಭಾನುವಾರ ಅವನು ಹೊರಟ. ಹೊರಡುವ ಮುನ್ನ ಊರೆಲ್ಲ ಹುಡುಕಿ ತಂದ ಕಪ್ಪು ಬ್ರೆಡ್ಡನ್ನು ಕಪಾಟಿನಲ್ಲಿಟ್ಟು ಅದರ ಮೇಲೆ 'ಮ್ಯಾಕ್ಸೀನ್' ಎಂದು ಬರೆದ. ಆ ಕಪಾಟಿನಲ್ಲಿ ಯಾರ ಹೆಸರೂ ಇರಕೂಡದು. ಕ್ಲೈವ್ ನೋಡಿದ, ಅಳಿಸದೆ ಹೋದ. ಮರುದಿನ ಬೆಳಿಗ್ಗೆ ಒಲೆಗಳು ಹೋದವು.

ನಾನು ಪ್ರಯತ್ನಿಸಿಲ್ಲವೆಂದು ತಿಳಿಯಬೇಡಿ. ಹಕ್ಕಿಯನ್ನು ಮೈಕ್ರೊವೇವಿನಲ್ಲಿಟ್ಟೆ. ಎಣ್ಣೆ ಸಿಡಿದು ಒಳಗೋಡೆಗೆಲ್ಲ ಹತ್ತಿತು, ಮಾಂಸ ಚರ್ಮದಂತಾಯಿತು, ಉಪ್ಪು ಇದ್ದಲ್ಲೇ ಉಳಿಯಿತು. ಯಂತ್ರದ ಊಟವನ್ನೂ ತಂದೆ. ಚಿತ್ರದಲ್ಲಿ ಹಬೆ ಏಳುತ್ತಿತ್ತು, ಪೊಟ್ಟಣದಲ್ಲಿ ಮೆಣಸಿತ್ತು. ಅವಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಪೊಟ್ಟಣವನ್ನು ದೂರ ಸರಿಸಿದಳು. ಆಮೇಲೆ ಅಂದಳು:

"ನಳಿಗೆ ಹಾಕಿಸ್ಕೊಳ್ತೀನಿ ಬಿಡು. ಅದರಲ್ಲಾದ್ರೆ ನಿನ್ನ ಅಡುಗೆ ರುಚಿ ಗೊತ್ತಾಗಲ್ಲ."

ನಾನು ನಗಬೇಕಿತ್ತು, ನಕ್ಕೆ. ಅವಳು ಗೋಡೆಯ ಕಡೆ ತಿರುಗಿದಳು. ನಳಿಗೆಗೆ ಅವಳು ಹೆದರುವುದು ನೋವಿಗಲ್ಲ. ಒಮ್ಮೆ ಬಾಯಿಯಿಂದ ಉಣ್ಣುವುದನ್ನು ಬಿಟ್ಟರೆ ಮತ್ತೆ ಶುರುವಾಗದೆಂಬ ಭಯ. ನನಗೂ ಅದೇ ಭಯ. ನಾವಿಬ್ಬರೂ ಅದನ್ನು ಆಡಿಲ್ಲ. ಇದನ್ನು ಅವಳಿಗಿಂತ ಮೊದಲು ನಿಮಗೆ ಹೇಳುತ್ತಿದ್ದೇನೆ, ಕಾಣದವರಿಗೆ ಹೇಳುವುದು ಸುಲಭ. ಮುಂದಿನ ಗುರುವಾರ ಅವಳನ್ನು ಮತ್ತೆ ತೂಗುತ್ತಾರೆ.

ಕ್ಲೈವ್‌ನ ಬಳಿ ಹೋದೆ. "ನಾನು ಬರೀ ಬೀಗದಕೈ ಇಟ್ಕೊಂಡಿರೋನು ಡೆಸ್," ಎಂದ. "ಒಲೆಗಳು ಹಿತ್ತಿಲ ಸೈಕಲ್ ಶೆಡ್ಡಲ್ಲೇ ಇವೆ, ಲಾರಿ ಬಂದಿಲ್ಲ. ಆದ್ರೆ ಮೇಲಿಂದ ಅಪ್ಪಣೆ ಇಲ್ದೆ ಒಂದು ತಂತೀನೂ ಮುಟ್ಟೋ ಹಾಗಿಲ್ಲ."

ಹೋಗಿ ನೋಡಿದೆ. ಟಾರ್ಪಾಲಿನಡಿ ನಾಲ್ಕೂ ಒಲೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಒಂದರ ಮೇಲೆ ನನ್ನ ಪಾತ್ರೆಯ ಕಲೆ ಇನ್ನೂ ಇದೆ.

ಮಾನ್ಯರೇ, ಅಡುಗೆಮನೆಯನ್ನು ಮರಳಿ ಕೊಡಿ ಎಂದು ಕೇಳುವ ಧೈರ್ಯ ನನಗಿಲ್ಲ. ನಿಮ್ಮ ಯಂತ್ರ ಅಲ್ಲೇ ಬೆಳಗುತ್ತಿರಲಿ. ನಾಲ್ಕರಲ್ಲಿ ಒಂದು ಒಲೆಗೆ, ಆ ಶೆಡ್ಡಿನಲ್ಲೇ, ಸೈಕಲ್ಲುಗಳ ನಡುವೆಯೇ, ನನ್ನ ತಂಗಿಯ ಚಿಕಿತ್ಸೆ ಮುಗಿಯುವವರೆಗೆ ವಿದ್ಯುತ್ ಕೊಡಿಸಿ. ವಾಸನೆ ಬಂದರೆ ಸೈಕಲ್ಲುಗಳು ದೂರು ಕೊಡಲಾರವು. ಈ ಪತ್ರ ಅಚ್ಚಾಗಿ, ನಿಮ್ಮ ಮೇಜು ತಲುಪಿ, ಸಭೆ ಸೇರಿ, ನೀವು ಒಂದು ಮಾತು ಹೇಳುವ ಹೊತ್ತಿಗೆ ಗುರುವಾರ ಕಳೆದಿರುತ್ತದೆಂದು ಬಲ್ಲೆ. ಆದರೂ ಪಾತ್ರೆಯನ್ನು ತೊಳೆದು ಸಿದ್ಧವಾಗಿಟ್ಟಿದ್ದೇನೆ. ಈ ಸಲ ಚೀಟಿಯನ್ನು ಎಚ್ಚರಿಕೆಯಿಂದ ಬರೆದಿದ್ದೇನೆ; ಅದನ್ನೇ ಇಲ್ಲಿ ಸಹಿಯಾಗಿ ನಕಲು ಮಾಡುತ್ತೇನೆ.

ಇಂತಿ,
ಹೆಸರು: ಡೆಸ್ಮಂಡ್ ಥರ್ಲೊ, ಮ್ಯಾಕ್ಸೀನಳ ಅಣ್ಣ
ಕೋಣೆ: ಆರು
ಹೊರಡುವ ದಿನ: ಬರೆದಿಲ್ಲ. ದಯವಿಟ್ಟು ಇನ್ನೂ ಕಪಾಟಿಗೆ ಹಾಕಬೇಡಿ.